ನಿಗಾಟಾಕ್ಕೆ ಹೋಗಿ ಕೋಯಿ ಮೀನು ಆರಿಸುವವರಿಗೆ

ಮನೆ ಮುಂದೆ ಕೊಳ ಕಟ್ಟಿಸಿ, ಅಂಗಡಿಯಿಂದ ತಂದ ಕೋಯಿಗಳನ್ನು ಎರಡು ಮೂರು ವರ್ಷ ಸಾಕಿದವರಿಗೆ ಒಂದಲ್ಲ ಒಂದು ದಿನ ಈ ಹುಚ್ಚು ಹತ್ತಿಯೇ ಹತ್ತುತ್ತದೆ. ಒಂದು ಸಲ ಜಪಾನಿಗೆ ಹೋಗಬೇಕು, ಬ್ರೀಡರ್ ಮನೆಯ ತೊಟ್ಟಿಯ ಪಕ್ಕ ನಿಂತು ಕಣ್ಣಾರೆ ನೋಡಿ ಒಂದು ಮೀನು ಆರಿಸಬೇಕು. ನನಗೂ ಹತ್ತಿತ್ತು. ಎರಡು ಸಲ ಹೋಗಿಬಂದೆ. ಮೊದಲ ಸಲ ಮಾಡಿದ್ದೆಲ್ಲ ತಪ್ಪು, ಎರಡನೇ ಸಲ ಅರ್ಧ ತಪ್ಪು. ಮೂರನೆಯವರು ನೀವಾಗಿದ್ದರೆ ಇದು ಉಪಯೋಗಕ್ಕೆ ಬಂದೀತು.

ಕೋಯಿ ಅಂದರೆ ನಮ್ಮ ಕೆರೆಗಳಲ್ಲೂ ಇರುವ ಸಾಮಾನ್ಯ ಗೆಂಡೆ ಮೀನಿನ ಬಣ್ಣದ ತಳಿ. ಜಪಾನಿನಲ್ಲಿ ಇದಕ್ಕೆ ನಿಶಿಕಿಗೋಯಿ ಎನ್ನುತ್ತಾರೆ. ನಿಶಿಕಿ ಎಂದರೆ ಬಣ್ಣಬಣ್ಣದ ನೇಯ್ಗೆಯ ರೇಷ್ಮೆ, ನಮ್ಮ ಬನಾರಸಿನ ಹಾಗೆ. ಹಿರೋಶಿಮಾ, ಒಕಾಯಾಮಾಗಳಲ್ಲೂ ದೊಡ್ಡ ದೊಡ್ಡ ಫಾರ್ಮ್‌ಗಳಿವೆ. ಆದರೆ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ನಿಗಾಟಾ ಪ್ರಾಂತ್ಯದ ಯಾಮಕೋಶಿ ಮತ್ತು ಒಜಿಯಾ. ಈ ಮೀನು ಹುಟ್ಟಿದ್ದೇ ಅಲ್ಲಿ. ಚಳಿಗಾಲದಲ್ಲಿ ಮೂರು ನಾಲ್ಕು ಮೀಟರ್ ಹಿಮ ಬಿದ್ದು ಊರಿಗೆ ಊರೇ ಮುಚ್ಚಿಹೋಗುವ ಗುಡ್ಡಗಾಡು ಅದು. ತಿನ್ನಲಿಕ್ಕೆಂದು ಗದ್ದೆಯ ನೀರಿನ ಹೊಂಡಗಳಲ್ಲಿ ಗೆಂಡೆ ಸಾಕುತ್ತಿದ್ದ ರೈತರಿಗೆ 19ನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲೊಂದು ಇಲ್ಲೊಂದು ಬಣ್ಣದ ಮೀನು ಕಂಡಿತು. ತಿನ್ನುವುದು ಬಿಟ್ಟು ಅದನ್ನೇ ಮರಿ ಮಾಡಿಸಿದರು. 1914ರಲ್ಲಿ ಟೋಕಿಯೋದ ವಸ್ತುಪ್ರದರ್ಶನಕ್ಕೆ ಒಯ್ದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. ಒಂದೇ ಪ್ರದೇಶದಲ್ಲಿ ಇಷ್ಟು ಬ್ರೀಡರ್‌ಗಳು ಒತ್ತೊತ್ತಾಗಿ ಸಿಗುವ ಜಾಗ ಇನ್ನೊಂದಿಲ್ಲ. ಒಂದು ಬೆಳಿಗ್ಗೆಗೆ ನಾಲ್ಕು ಮನೆ ನೋಡಬಹುದು.

ಟಿಕೆಟ್ಟಿಗೆ ಮೊದಲು ನಿಮ್ಮ ಕೊಳ

ಅಲ್ಲಿ ಹೋಗಿ ನೋಡಿದರೆ ಎಲ್ಲವೂ ಬೇಕೆನಿಸುತ್ತದೆ, ಆದ್ದರಿಂದ ಏನು ಬೇಕೆಂಬುದನ್ನು ಇಲ್ಲೇ ತೀರ್ಮಾನಿಸಿಕೊಂಡು ಹೊರಡಿ. ನಿಮ್ಮ ಕೊಳದಲ್ಲಿ ಎಷ್ಟು ಲೀಟರ್ ನೀರಿದೆ, ಎಷ್ಟು ಆಳ, ಈಗ ಎಷ್ಟು ಮೀನಿವೆ, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡು ಅಡಿ ದಾಟಿ ಬೆಳೆಯುವ ಮೀನಿಗೆ ತಲೆಗೆ ಸಾವಿರ ಲೀಟರಾದರೂ ಇಲ್ಲದಿದ್ದರೆ ಜಪಾನಿನ ಮೀನು ತರುವ ಯೋಚನೆಯನ್ನೇ ಬಿಡಿ ಎನ್ನುವವನು ನಾನು.

ನೀರಿನ ಗಡಸುತನವನ್ನೂ ಪರೀಕ್ಷೆ ಮಾಡಿಸಿ. ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಯಾಮಕೋಶಿಯ ನೀರು ಹಿಮ ಕರಗಿ ಹರಿದ ಮೃದು ನೀರು. ಬೆಂಗಳೂರಿನ, ಕೋಲಾರದ ಬೋರ್‌ವೆಲ್ ನೀರು ಎಂಥದ್ದೆಂಬುದನ್ನು ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ಹೇಳಬೇಕಾಗಿಲ್ಲ. ಗಡಸು ನೀರಿನಲ್ಲಿ ಕಪ್ಪು ಬಣ್ಣ ಎದ್ದು ಬರುತ್ತದೆ, ಮೃದು ನೀರಿನಲ್ಲಿ ಕೆಂಪು ಹಾಯಾಗಿರುತ್ತದೆ ಎಂಬುದು ಕೋಯಿ ಸಾಕುವವರ ಅನುಭವದ ಮಾತು. ನನ್ನ ಬಿಳಿ–ಕೆಂಪು ಕೊಹಾಕು ಮೀನಿನ ಮೈಮೇಲೆ ಒಂದೇ ವರ್ಷದಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಮೂಡಿದವು. ಶಿಮಿ ಎನ್ನುತ್ತಾರೆ ಅದಕ್ಕೆ. ಮೀನಿನ ಆರೋಗ್ಯಕ್ಕೇನೂ ತೊಂದರೆಯಿಲ್ಲ, ನೋಡುವವನ ಎದೆಗೆ ಮಾತ್ರ. ಹಾಗಾಗಿ ಗಡಸು ನೀರಿನವರು ಶುದ್ಧ ಬಿಳಿಯ ಮೇಲೆ ಪಣ ಕಟ್ಟುವ ಬದಲು ಕಪ್ಪೂ ಇರುವ ಶೋವಾ ತಳಿಯನ್ನು ನೋಡುವುದು ಒಳ್ಳೆಯದು. ಇಲ್ಲವೇ ನೀರನ್ನೇ ಸರಿಮಾಡಿಕೊಳ್ಳಬೇಕು.

ಯಾವಾಗ ಹೋಗುವುದು

ಅಲ್ಲಿಯ ವರ್ಷ ಮೀನಿನ ಲೆಕ್ಕದಲ್ಲೇ ನಡೆಯುತ್ತದೆ. ಮೇ–ಜೂನ್‌ನಲ್ಲಿ ಮೊಟ್ಟೆ ಇಡಿಸುತ್ತಾರೆ. ಹಿಮ ಕರಗಿ ನೀರು ಬಿಸಿಯಾದ ಮೇಲೆ ದೊಡ್ಡ ಮೀನುಗಳನ್ನು ಗುಡ್ಡದ ಮೇಲಿನ ಮಣ್ಣಿನ ಕೊಳಗಳಿಗೆ ಬಿಡುತ್ತಾರೆ. ಮಲೆನಾಡಿನ ಮೆಟ್ಟಿಲುಗದ್ದೆ ನೆನಪಿಸಿಕೊಳ್ಳಿ, ಭತ್ತದ ಬದಲು ಕೆಲವು ಗದ್ದೆಗಳಲ್ಲಿ ಎದೆಮಟ್ಟದ ನೀರು. ಆ ಕೊಳಗಳಲ್ಲಿ ಬೇಸಿಗೆಯೆಲ್ಲ ಕಳೆದ ಮೀನನ್ನು ಮತ್ತೆ ಕಾಣುವುದು ಅಕ್ಟೋಬರಿನಲ್ಲೇ. ನಡುವೆ ಒಳಗೇನಾಗಿದೆಯೆಂಬುದು ಸಾಕಿದವರಿಗೂ ಸರಿಯಾಗಿ ತಿಳಿಯುವುದಿಲ್ಲ. ಕೊಕ್ಕರೆ ಒಯ್ದಿದ್ದೂ ಇರುತ್ತದೆ.

ಅಕ್ಟೋಬರಿನಿಂದ ನವೆಂಬರ್ ಮೊದಲ ವಾರಗಳವರೆಗೆ ಇಕೆಆಗೆ, ಅಂದರೆ ಕೊಳ ಬತ್ತಿಸಿ ಮೀನೆತ್ತುವ ಕಾಲ. ಎರಡು ವರ್ಷದ ನಿಸಾಯ್, ಮೂರು ವರ್ಷದ ಸಾನ್ಸಾಯ್ ಮೀನು ಬೇಕಿದ್ದವರು ಆಗಲೇ ಹೋಗಬೇಕು. ಅದೇ ವರ್ಷ ಹುಟ್ಟಿದ ತೋಸಾಯ್ ಮರಿಗಳಾದರೆ ಚಳಿಗಾಲ ಕಳೆದು ಮಾರ್ಚ್–ಏಪ್ರಿಲ್‌ನಲ್ಲಿ ಹೋದರೂ ಆದೀತು. ಆಗ ಜನ ಕಡಿಮೆ, ಬ್ರೀಡರಿಗೆ ಮಾತಾಡಲು ಪುರುಸೊತ್ತೂ ಇರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಹಿಮದಲ್ಲಿ ಆ ರಸ್ತೆಗಳಿಗೆ ನಮ್ಮಂಥವರು ಹೋಗಬಾರದು.

ನನ್ನ ಮಾತು ಕೇಳುವುದಾದರೆ ಮೊದಲ ಸಲ ಅಕ್ಟೋಬರ್ ಕೊನೆಗೇ ಹೋಗಿ. ಕೊಳ ಬತ್ತಿಸುವುದನ್ನು ಒಮ್ಮೆ ನೋಡಲೇಬೇಕು. ನೀರು ಮೊಣಕಾಲಿಗೆ ಇಳಿದಿರುತ್ತದೆ, ಎದೆತನಕದ ರಬ್ಬರ್ ಉಡುಪು ತೊಟ್ಟ ಆರೇಳು ಮಂದಿ ಬಲೆ ಹಿಡಿದು ಒಂದು ದಡದಿಂದ ಇನ್ನೊಂದಕ್ಕೆ ಸಾಲಾಗಿ ನಡೆಯುತ್ತಾರೆ. ಹಾಲು ಹಾಕಿದ ಚಹಾದ ಬಣ್ಣದ ಕೆಸರು ನೀರಿನಲ್ಲಿ ಮೊದಲು ಏನೂ ಕಾಣದು. ಬಲೆ ಕಿರಿದಾಗುತ್ತ ಬಂದ ಹಾಗೆ ಎಲ್ಲೋ ಒಂದು ಕಡೆ ಕೆಂಪು ಮಿಂಚುತ್ತದೆ. ದಡದಲ್ಲಿ ನಿಂತ ಮನೆಯ ಯಜಮಾನ ಸಿಗರೇಟು ಬಾಯಿಂದ ತೆಗೆಯುವುದು ಆಗಲೇ.

ಅಲ್ಲಿಯವರಿಗೆ ಅಕ್ಟೋಬರ್ ಇನ್ನೊಂದು ಕಾರಣಕ್ಕೂ ನೆನಪಿರುತ್ತದೆ. 2004ರ ಅಕ್ಟೋಬರ್ 23ರ ಭೂಕಂಪ ಬಂದಿದ್ದು ಇಕೆಆಗೆಯ ನಡುವೆಯೇ. ಗುಡ್ಡ ಜರಿದು ರಸ್ತೆಗಳು ಮುಚ್ಚಿ ಯಾಮಕೋಶಿಯ ಜನರನ್ನೆಲ್ಲ ಸ್ಥಳಾಂತರಿಸಬೇಕಾಯಿತು, ಉಳಿದ ಮೀನುಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತಂದರು. ಮರುವರ್ಷ ಯಾಮಕೋಶಿ ನಾಗಾಓಕಾ ನಗರದೊಳಗೆ ಸೇರಿತು. ಹಿರಿಯರ ಜೊತೆ ಮಾತಿಗೆ ಕೂತರೆ ಈ ವಿಷಯ ಬಂದೇ ಬರುತ್ತದೆ. ಸುಮ್ಮನೆ ಕೇಳಿಸಿಕೊಳ್ಳಿ.

ಜೊತೆಗೆ ಯಾರು

ನೇರವಾಗಿ ಹೋಗಿ ಬಾಗಿಲು ತಟ್ಟುವ ಪದ್ಧತಿ ಅಲ್ಲಿಲ್ಲ. ಹೆಚ್ಚಿನ ಬ್ರೀಡರ್‌ಗಳು ವಿದೇಶದವರಿಗೆ ಮಾರುವುದು ಏಜೆಂಟರ ಮೂಲಕ. ಏಜೆಂಟ್ ಅಂದರೆ ನಿಮ್ಮ ಪರವಾಗಿ ಸಮಯ ಕೇಳಿ, ಕಾರಿನಲ್ಲಿ ಮನೆಮನೆಗೆ ಕರೆದೊಯ್ದು, ಮಾತು ಅನುವಾದಿಸಿ, ಕೊಂಡ ಮೇಲೆ ಮೀನಿನ ಪರೀಕ್ಷೆ, ಕಾಗದಪತ್ರ, ವಿಮಾನಕ್ಕೆ ಹಾಕುವ ಕೆಲಸವನ್ನೆಲ್ಲ ಮಾಡುವವರು. ಅವರ ಕಮಿಷನ್ ಮೀನಿನ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲೋ, ಬೆಲೆಯೊಳಗೇ ಸೇರಿಯೋ ಇರುತ್ತದೆ. ಯಾವುದು ಎಂಬುದನ್ನು ಮೊದಲ ಇಮೇಲಿನಲ್ಲೇ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ನಾನು ಮೊದಲ ಸಲ ಕೇಳಲಿಲ್ಲ. ಬಿಲ್ ಬಂದಾಗ ಮೀನಿನ ಬೆಲೆಯಷ್ಟೇ ಉದ್ದಕ್ಕೆ ಇತರೆ ಖರ್ಚಿನ ಪಟ್ಟಿಯೂ ಬಂತು.

ಏಜೆಂಟರಿಗೆ ಮೂರು ವಿಷಯ ಮೊದಲೇ ತಿಳಿಸಿ: ಯಾವ ತಳಿ, ಯಾವ ವಯಸ್ಸು, ಒಟ್ಟು ಎಷ್ಟು ಹಣ. ಹಣದ ವಿಷಯ ಮುಚ್ಚಿಟ್ಟರೆ ಚೌಕಾಸಿಗೆ ಅನುಕೂಲ ಎಂದು ನಮಗನಿಸುತ್ತದೆ. ಅಲ್ಲಿ ಹಾಗಲ್ಲ. ಹೇಳದಿದ್ದರೆ ನಿಮ್ಮ ಕೈಗೆಟುಕದ ಮೀನು ತೋರಿಸುವ ಮನೆಗಳಲ್ಲೇ ಎರಡು ದಿನ ಕಳೆದುಹೋಗುತ್ತದೆ.

ತಲುಪುವುದು, ಉಣ್ಣುವುದು

ಬೆಂಗಳೂರಿನಿಂದ ಟೋಕಿಯೋದ ನರಿತಾಗೆ ನೇರ ವಿಮಾನವಿದೆ. ನರಿತಾದಿಂದ ಸ್ಕೈಲೈನರ್ ರೈಲಿನಲ್ಲಿ ಉಎನೋಗೆ ಬಂದು, ಅಲ್ಲೇ ಜೋಎತ್ಸು ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ನಾಗಾಓಕಾ. ಉದ್ದದ ಸುರಂಗಗಳನ್ನು ದಾಟಿ ಆಚೆ ಬಂದರೆ ಹವೆಯೇ ಬೇರೆ. ಟೋಕಿಯೋದಲ್ಲಿ ಬಿಸಿಲಿದ್ದರೆ ಇಲ್ಲಿ ಮೋಡ, ಜಿಟಿಜಿಟಿ ಮಳೆ. ನಾಗಾಓಕಾದಲ್ಲೋ ಒಜಿಯಾದಲ್ಲೋ ರೂಮು ಮಾಡಿ. ಯಾಮಕೋಶಿಗೆ ರೈಲಿಲ್ಲ, ಬಸ್ಸು ಬೆರಳೆಣಿಕೆಯಷ್ಟು. ಏಜೆಂಟರ ಕಾರಿಲ್ಲದಿದ್ದರೆ ಬಾಡಿಗೆ ಕಾರು ತೆಗೆದುಕೊಳ್ಳಬಹುದು. ಭಾರತದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಅಲ್ಲಿ ನಡೆಯುತ್ತದೆ, ನಮ್ಮ ಹಾಗೆಯೇ ಎಡಬದಿಯ ಸಂಚಾರ. ರಸ್ತೆ ಕಿರಿದು, ತಿರುವು ಜಾಸ್ತಿ. ಚಾರ್ಮಾಡಿ ಘಾಟಿಯಲ್ಲಿ ಓಡಿಸಿದವರಿಗೆ ಕಷ್ಟವೇನಲ್ಲ.

ಸಸ್ಯಾಹಾರಿಗಳಿಗೊಂದು ಮಾತು. ಒಜಿಯಾದಲ್ಲಿ ಹೆಗಿ ಸೋಬಾ ಎಂಬ ಹುರುಳಿಬಣ್ಣದ ಶಾವಿಗೆ ಪ್ರಸಿದ್ಧ, ಮರದ ತಟ್ಟೆಯಲ್ಲಿ ಮಡಿಕೆ ಮಡಿಕೆಯಾಗಿ ಜೋಡಿಸಿ ಕೊಡುತ್ತಾರೆ. ನೋಡಲು ನಿರಪಾಯ. ಅದ್ದಿಕೊಳ್ಳುವ ಸಾರಿನಲ್ಲಿ ಮಾತ್ರ ಒಣಮೀನಿನ ರಸ ಇದ್ದೇ ಇರುತ್ತದೆ. ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಂಡು ಹೋಗಿ. ಅಲ್ಲಿಯ ಕೊಶಿಹಿಕಾರಿ ಅಕ್ಕಿಯ ಅನ್ನಕ್ಕೆ ಚಟ್ನಿಪುಡಿ ಕಲಸಿಕೊಂಡರೆ ಬೇರೇನೂ ಬೇಡ.

ಬ್ರೀಡರ್‌ಗಳ ಮನೆಗೆ ಹೋಗುವ ಮೊದಲು ಒಂದು ಅರ್ಧ ದಿನ ಒಜಿಯಾದ ನಿಶಿಕಿಗೋಯಿ ನೋ ಸಾತೋ ವಸ್ತುಸಂಗ್ರಹಾಲಯದಲ್ಲಿ ಕಳೆಯಿರಿ. ಒಳ್ಳೆಯ ದೊಡ್ಡ ಮೀನುಗಳು ಕೈಯಳತೆಯಲ್ಲಿ ಈಜುತ್ತವೆ. ಅಲ್ಲಿ ನಿಮ್ಮ ಮೇಲೆ ಕೊಳ್ಳುವ ಒತ್ತಡವಿಲ್ಲ, ಕಣ್ಣು ಪಳಗುತ್ತದೆ. ಅಂಗಡಿ ಮೀನು ನೋಡಿ ನೋಡಿ ಜಿಡ್ಡುಗಟ್ಟಿದ ಕಣ್ಣನ್ನು ಮೊದಲು ತೊಳೆಯಬೇಕು.

ಮೀನುಮನೆಯೊಳಗೆ

ಹಸಿರುಮನೆಯಂಥ ದೊಡ್ಡ ಶೆಡ್ಡು, ಒಳಗೆ ಸಿಮೆಂಟಿನ ತೊಟ್ಟಿಗಳು, ನೀರು ಬೀಳುವ ಸದ್ದು, ಕನ್ನಡಕದ ಮೇಲೆ ಆವಿ. ಬಾಗಿಲಲ್ಲಿ ಔಷಧಿ ನೀರಿನ ತಟ್ಟೆ ಇದ್ದರೆ ಬೂಟು ಅದ್ದಿಯೇ ಒಳಗೆ ಹೋಗಿ. ಒಂದು ಮನೆಯ ನೀರು ಇನ್ನೊಂದು ಮನೆಗೆ ನಿಮ್ಮ ಕೈಯಲ್ಲಿ ಹೋಗಬಾರದು. ಕೋಯಿ ಹರ್ಪಿಸ್ ವೈರಸ್ಸಿನ ಭಯ ಅವರಿಗೆಷ್ಟಿದೆಯೆಂದರೆ, 2003ರಲ್ಲಿ ಕಸುಮಿಗಾಉರಾ ಸರೋವರದಲ್ಲಿ ಸಾಕಿದ ಗೆಂಡೆಗಳು ರಾಶಿ ರಾಶಿ ಸತ್ತ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಆದ್ದರಿಂದ ನೀರಿಗೆ ಕೈ ಹಾಕಬೇಡಿ, ಬಲೆ ಮುಟ್ಟಬೇಡಿ, ತೊಟ್ಟಿಯ ಅಂಚಿನ ಮೇಲೆ ಕೂರಬೇಡಿ. ಫೋಟೊ ತೆಗೆಯಲು ಕೇಳಿ. ಹೊರಗಿನಿಂದ ಬರುವಾಗ "ಒಜಾಮಾ ಶಿಮಾಸು" ಎಂದರೆ ಸಾಕು. ತೊಂದರೆ ಕೊಡುತ್ತಿದ್ದೇನೆ ಎಂದು ಅರ್ಥ. ನಮ್ಮೂರಲ್ಲಿ ಹೊಸಿಲ ಹೊರಗೆ ನಿಂತು "ಯಾರಿದ್ದೀರಿ?" ಎಂದ ಹಾಗೆ. ಬಾಯಿತುಂಬ ಜಪಾನಿ ಮಾತಾಡುವವರಿಗಿಂತ ಇದೊಂದನ್ನು ಸರಿಯಾಗಿ ಹೇಳಿದವರಿಗೆ ಮುಖ ಅರಳುತ್ತದೆ. ಮನೆಯವರಿಗೆ ಮೈಸೂರುಪಾಕಿನ ಡಬ್ಬಿ ಒಯ್ದರೆ ಬೇಡವೆನ್ನುವುದಿಲ್ಲ.

ತೊಟ್ಟಿಗೆ ಬಂದ ಕೂಡಲೇ ಬೆರಳು ತೋರಿಸಿ "ಅದು ಬೇಕು" ಎನ್ನಬೇಡಿ. ಕೆಲವು ಮೀನುಗಳನ್ನು ಅವರು ಮಾರುವುದಿಲ್ಲ. ಮುಂದೆ ಇನ್ನೂ ಚೆನ್ನಾಗಿ ಬೆಳೆಯುತ್ತದೆಂದು ಇಟ್ಟುಕೊಂಡ ಮೀನಿಗೆ ತಾತೆಗೋಯಿ ಎನ್ನುತ್ತಾರೆ, ನಾವು ಹೋರಿಕರುವನ್ನು ಬೀಜಕ್ಕೆಂದು ಬಿಟ್ಟುಕೊಳ್ಳುವ ಹಾಗೆ. ಅದನ್ನೇ ಪಟ್ಟುಹಿಡಿದು ಕೇಳಿದರೆ ನಗುತ್ತಾರೆ, ಮುಂದೆ ಬೇರೆ ಮೀನು ತೋರಿಸುವ ಉತ್ಸಾಹ ಅಲ್ಲಿಗೆ ಮುಗಿಯುತ್ತದೆ.

ಮೀನು ನೋಡುವ ಕ್ರಮ

ನಮ್ಮಪ್ಪ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಕರು ಕೊಳ್ಳುವಾಗ ನಾನು ಜೊತೆಗೆ ಹೋಗುತ್ತಿದ್ದೆ. ಬಣ್ಣದ ಗೊಂಡೆ, ಹಣೆಯ ಕುಂಕುಮ, ಕೊಂಬಿನ ಅಣಸು ಯಾವುದನ್ನೂ ಅವರು ನೋಡುತ್ತಿರಲಿಲ್ಲ. ಕರುವನ್ನು ಹತ್ತು ಹೆಜ್ಜೆ ನಡೆಸಿ ಹಿಂದಿನಿಂದ ನೋಡುತ್ತಿದ್ದರು, ಬೆನ್ನು ಮೂಳೆ ನೇರವಿದೆಯಾ, ಬಾಲದ ಬುಡ ದಪ್ಪವಿದೆಯಾ ಎಂದು. ಆಮೇಲೆ ಸುಳಿ, ಆಮೇಲೆ ಹಲ್ಲು. ಬಣ್ಣ ಕಡೆಗೆ. ಕೋಯಿ ನೋಡುವುದೂ ಅಚ್ಚು ಅದೇ. ಮೊದಲ ಸಲ ನಾನು ಇದನ್ನು ಮರೆತೆ. ಹದಿನೆಂಟು ಸೆಂಟಿಮೀಟರಿನ ಒಂದು ತೋಸಾಯ್ ಕೊಹಾಕು, ಮೈಮೇಲೆ ಅಳತೆ ಹಿಡಿದು ಬಳಿದಂಥ ಮೂರು ಕೆಂಪು ಪಟ್ಟೆ, ಕುಂಕುಮದಷ್ಟು ಗಾಢ. ಕಣ್ಣು ಮುಚ್ಚಿ ಕೊಂಡೆ. ಎರಡೇ ವರ್ಷ. ಮೂವತ್ತೆಂಟು ಸೆಂಟಿಮೀಟರಿಗೆ ಬೆಳವಣಿಗೆ ನಿಂತಿತು, ಕೆಂಪು ಅಲ್ಲಲ್ಲಿ ಒಡೆದು ಕಿಟಕಿ ಕಿಟಕಿಯಾಯಿತು. ಅದು ಗಂಡು. ಅವಸರದಲ್ಲಿ ಬಣ್ಣ ಮುಗಿಸಿಕೊಂಡ ಗಂಡು.

ಹೀಗೆ ನೋಡಿ:

1. ತೊಟ್ಟಿಯಲ್ಲಿ ಈಜುವಾಗ ಮೇಲಿನಿಂದ. ಕೋಯಿಯನ್ನು ಬೆಳೆಸಿರುವುದೇ ಮೇಲಿನಿಂದ ನೋಡಲು. ಬೆನ್ನು ನೇರವಾಗಿರಬೇಕು, ಈಜು ನೀರು ಸೀಳಿದ ಹಾಗಿರಬೇಕು. ಒಂದು ಬದಿಗೆ ವಾಲಿ ಈಜುವುದು, ಗುಂಪು ಬಿಟ್ಟು ನೀರು ಬೀಳುವ ಜಾಗದಲ್ಲಿ ನಿಲ್ಲುವುದು, ರೆಕ್ಕೆ ಮುದುರಿಕೊಂಡಿರುವುದು ಯಾವುದಾದರೂ ಕಂಡರೆ ಮುಂದಿನ ಮೀನಿಗೆ ಹೋಗಿ.

2. ಮೈಕಟ್ಟು. ಅಗಲ ತಲೆ, ತುಂಬಿದ ಭುಜ, ದಪ್ಪ ಬಾಲಬುಡ. ಬಾಲಬುಡ ಸಣಕಲಾಗಿರುವ ಮೀನು ಮುಂದೆ ಎಷ್ಟು ತಿಂದರೂ ಹೊಟ್ಟೆ ಬರುತ್ತದೆ, ಮೈ ಬರುವುದಿಲ್ಲ. ಎರಡು ಮೀನು ಒಂದೇ ಉದ್ದವಿದ್ದರೆ ತಲೆ ದೊಡ್ಡದಿರುವುದು ಇನ್ನೂ ಬೆಳೆಯುತ್ತದೆ.

3. ಚರ್ಮ. ಬಿಳಿ ಎಂದರೆ ಹಾಲುಬಿಳಿ. ಹಳದಿ ಛಾಯೆ, ಬೂದಿ ಛಾಯೆ ಬೇಡ. ಒಳ್ಳೆಯ ಚರ್ಮಕ್ಕೆ ಈಗಷ್ಟೇ ಎಣ್ಣೆ ಸವರಿದ ಹಾಗೆ ಹೊಳಪಿರುತ್ತದೆ. ಈ ಹೊಳಪು ಮಾತ್ರ ಫೋಟೊದಲ್ಲಿ ಸಿಗುವುದಿಲ್ಲ. ಅಷ್ಟು ದೂರ ವಿಮಾನ ಹತ್ತಿ ಹೋಗುವುದಕ್ಕೆ ಇದೊಂದೇ ನಿಜವಾದ ಕಾರಣ.

4. ಬಣ್ಣ. ಮರಿಯ ಕೆಂಪು ಹಣ್ಣಾದ ಪರ್ಸಿಮನ್ ಹಣ್ಣಿನ ಹಾಗೆ ಕಿತ್ತಳೆಗೆ ಹತ್ತಿರವಿದ್ದರೆ ಹೆದರಬೇಡಿ, ಅನೇಕ ತಳಿವಂಶಗಳಲ್ಲಿ ಅದು ನಿಧಾನವಾಗಿ ಗಾಢವಾಗುತ್ತದೆ. ಪಟ್ಟೆಯ ಮುಂದಂಚು ಮಸುಕಾಗಿ, ಬಿಳಿ ಹುರುಪೆಯ ಅಡಿಗೆ ಕೆಂಪು ಸರಿದಂತೆ ಕಂಡರೆ ಅದು ಸಾಶಿ. ಹಿಂದಂಚು ಕತ್ತರಿಸಿದ ಹಾಗೆ ಚೂಪಾಗಿದ್ದರೆ ಅದು ಕಿವಾ. ಎರಡೂ ಇದ್ದರೆ ಕೆಂಪು ದಪ್ಪವಾಗಿದೆ, ಬಾಳಿಕೆ ಬರುತ್ತದೆ. ಶೋವಾ ಮರಿಯ ಕಪ್ಪು ನೀಲಿ ಬೂದಿಯಾಗಿ ಚರ್ಮದಡಿಯಲ್ಲೇ ಮಲಗಿರುತ್ತದೆ. ಅದು ಎಲ್ಲಿ ಮೇಲೇಳುತ್ತದೆಂದು ಊಹಿಸುವುದೇ ಆ ತಳಿಯ ಆಟ.

5. ಬಣ್ಣದ ವಿನ್ಯಾಸ. ಇದು ಕೊನೆಗೆ. ಕೊಹಾಕುವಿನ ಕೆಂಪು ತಲೆಯಿಂದ ಶುರುವಾಗಬೇಕು, ಕಣ್ಣಿಗೆ, ಮೂಗಿಗೆ ಇಳಿಯಬಾರದು, ಬಾಲಕ್ಕೆ ಮೊದಲು ಸ್ವಲ್ಪ ಬಿಳಿ ಉಳಿಯಬೇಕು. ಬಿಳಿಯ ಮೇಲೆ ಕೆಂಪು, ಕಪ್ಪು ಎರಡೂ ಇರುವ ತಾಯ್ಶೋ ಸಾಂಕೆ ತಳಿಯಲ್ಲಿ ತಲೆಯ ಮೇಲೆ ಕಪ್ಪು ಇರಬಾರದು, ಶೋವಾದಲ್ಲಿ ಇರಬೇಕು. ತಾಯ್ಶೋ, ಶೋವಾ ಎಂಬ ಹೆಸರುಗಳು ಆ ತಳಿಗಳು ರೂಪುಗೊಂಡ ಚಕ್ರವರ್ತಿಗಳ ಆಳ್ವಿಕೆಯ ಕಾಲದ ಹೆಸರು.

ಇಷ್ಟು ನೋಡಿ ಎರಡು ಮೂರು ಮೀನು ಗುರುತಿಸಿದ ಮೇಲೆ ಬೋಗುಣಿಗೆ ಹಾಕಿಸಿ. ನೀಲಿ ಬೋಗುಣಿಯಲ್ಲಿ ಯಾವ ಮೀನಾದರೂ ಮದುವಣಗಿತ್ತಿಯೇ, ಕೆಂಪು ಎದ್ದು ಬಿಳಿ ಬೆಳಗುತ್ತದೆ. ಅದಕ್ಕೇ ತೊಟ್ಟಿಯಲ್ಲಿ ನೋಡಿದ್ದನ್ನು ನಂಬಿ. ಬೋಗುಣಿಯಲ್ಲಿ ನೋಡಬೇಕಾದ್ದು ದೋಷಗಳನ್ನು: ಬಾಯಿ ಸೊಟ್ಟಗಿದೆಯಾ, ಕಿವಿರಿನ ಮುಚ್ಚಳ ಗಿಡ್ಡವಾಗಿ ಒಳಗಿನ ಕೆಂಪು ಕಾಣುತ್ತದೆಯಾ, ರೆಕ್ಕೆಯ ಎಳೆ ಮುರಿದಿದೆಯಾ, ಮೈಮೇಲೆ ಹುಣ್ಣು, ಎದ್ದ ಹುರುಪೆ ಇದೆಯಾ. ಕೊನೆಗೆ ಪಾರದರ್ಶಕ ಚೀಲಕ್ಕೆ ಹಾಕಿ ಎತ್ತಿ ಹಿಡಿಯಲು ಕೇಳಿಕೊಳ್ಳಿ, ಹೊಟ್ಟೆಯ ಅಡಿ ಕಾಣುವುದು ಆಗಲೇ.

ಗಂಡೋ ಹೆಣ್ಣೋ ಕೇಳಲೇಬೇಕು. ಮೆಸು ಎಂದರೆ ಹೆಣ್ಣು, ಒಸು ಎಂದರೆ ಗಂಡು. ದೊಡ್ಡದಾಗಿ ಬೆಳೆಯುವುದು ಹೆಣ್ಣು, ಬೆಲೆಯೂ ಅದಕ್ಕೇ ಹೆಚ್ಚು. ಗಂಡು ಬೇಗ ಬಣ್ಣ ಕಟ್ಟುತ್ತದೆ, ಅಗ್ಗ. ಸಣ್ಣ ಕೊಳದವರು ತಿಳಿದೇ ಒಳ್ಳೆಯ ಗಂಡು ಕೊಂಡರೆ ಅದೇನೂ ನಷ್ಟವಲ್ಲ. ತೋಸಾಯ್ ಮರಿಯಲ್ಲಿ ಲಿಂಗ ಖಚಿತವಾಗಿ ಹೇಳುವುದು ಬ್ರೀಡರಿಗೂ ಕಷ್ಟ. "ಬಹುಶಃ ಮೆಸು" ಎಂದರೆ ಬಹುಶಃ ಎಂದೇ ಕೇಳಿಸಿಕೊಳ್ಳಿ.

ಎರಡನೇ ಸಲ ಹೋದಾಗ ಯಾಮಕೋಶಿಯ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಬಲೆ ಹಿಡಿದಿದ್ದರು. ನಾನು ಮೂರು ನಿಸಾಯ್ ಶೋವಾ ಹೆಸರಿಸಿದೆ. ಅವರು ಮೂರನ್ನೂ ಬೋಗುಣಿಗೆ ಹಾಕಿ ಸುಮ್ಮನೆ ನಿಂತರು. ನಾನು ಚಂದದ ಎರಡನ್ನು ನೋಡುತ್ತಿದ್ದೆ. ಅವರು ಮೂರನೆಯದರ ಬಾಲಬುಡದ ಹತ್ತಿರ ನೀರಿನ ಮೇಲೆ ಒಂದು ಬೆರಳು ಇಟ್ಟು, ಆಮೇಲೆ ಎಡಭುಜದ ಬೂದು ನೆರಳಿನ ಮೇಲೆ ಬೆರಳು ತಂದು, ಅಂಗೈಯನ್ನು ನಿಧಾನಕ್ಕೆ ಮೇಲಕ್ಕೆತ್ತಿದರು. ಮಾತಿಲ್ಲ. ಕಪ್ಪು ಇಲ್ಲಿ ಏಳುತ್ತದೆ ಎಂದು ಅರ್ಥ. ಈ ಶೋವಾ ಮರಿಗಳನ್ನು ಮೊಟ್ಟೆಯೊಡೆದ ಕೆಲವೇ ದಿನಗಳಲ್ಲಿ, ಕಪ್ಪಾಗಿರುವವನ್ನು ಮಾತ್ರ ಇಟ್ಟು ಉಳಿದವನ್ನು ತೆಗೆದುಹಾಕುತ್ತಾರೆ. ಆಮೇಲೆ ಬೇಸಿಗೆಯಲ್ಲಿ ಮತ್ತೆ ಮತ್ತೆ ಆರಿಸುತ್ತಾರೆ. ಲಕ್ಷಗಟ್ಟಲೆ ಮೊಟ್ಟೆಯಲ್ಲಿ ಆ ಬೋಗುಣಿಗೆ ಬಂದ ಮೂರರ ಪೈಕಿ ಅಜ್ಜ ಒಂದನ್ನು ತೋರಿಸಿದ್ದರು. ನಾನು ಅದನ್ನೇ ಕೊಂಡೆ.

ಬೆಲೆ

ಘಾಟಿ ಜಾತ್ರೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಪಕ್ಕದವನಿಗೆ ತಿಳಿಯುವುದಿಲ್ಲ. ಇಲ್ಲಿ ಟವೆಲ್ ಇಲ್ಲದಿದ್ದರೂ ಬೆಲೆ ಏಜೆಂಟರ ಕಿವಿಯಲ್ಲೇ ಹೇಳುವುದು ಸಾಮಾನ್ಯ. ಲೆಕ್ಕವೆಲ್ಲ ಮಾನ್‌ನಲ್ಲಿ. ಒಂದು ಮಾನ್ ಎಂದರೆ ಹತ್ತು ಸಾವಿರ ಯೆನ್. ಇಂಗ್ಲಿಷಿನವರು ಇದರಲ್ಲಿ ಎಡವುತ್ತಾರೆ, ನಮಗೆ ಸುಲಭ: ಹತ್ತು ಮಾನ್ ಒಂದು ಲಕ್ಷ, ಸಾವಿರ ಮಾನ್ ಒಂದು ಕೋಟಿ. ಮರಿಗಳು ಒಂದೆರಡು ಮಾನ್‌ಗೂ ಸಿಗುತ್ತವೆ. ಮೇಲಕ್ಕೆ ಮಿತಿಯೇ ಇಲ್ಲ. 2018ರಲ್ಲಿ ಹಿರೋಶಿಮಾದ ಸಕಾಯ್ ಫಾರ್ಮಿನ ಒಂದು ಕೊಹಾಕು 20.3 ಕೋಟಿ ಯೆನ್ನಿಗೆ ಹರಾಜಾಯಿತು.

ಚೌಕಾಸಿ ಮಾಡಬೇಡಿ. ಎರಡು ಮೂರು ಮೀನು ಒಟ್ಟಿಗೆ ಕೊಂಡರೆ ಏಜೆಂಟರ ಮೂಲಕ ಒಂದು ಸಲ ಮೆತ್ತಗೆ ಕೇಳಬಹುದು, ಅಷ್ಟೇ. ಬೆಲೆ ಜಾಸ್ತಿಯೆನಿಸಿದರೆ ತಲೆಬಾಗಿ, ಥ್ಯಾಂಕ್ಸ್ ಹೇಳಿ, ಮುಂದಿನ ಮನೆಗೆ ಹೋಗಿ. ಅದರಲ್ಲಿ ಅವಮಾನವೇನಿಲ್ಲ. ಬೆಲೆಯಲ್ಲಿ ತೆರಿಗೆ ಸೇರಿದೆಯಾ ಎಂದು ಕೇಳಿಕೊಳ್ಳಿ. ಕಾರ್ಡ್ ಉಜ್ಜುವ ಯಂತ್ರ ಅಲ್ಲಿ ಅಪರೂಪ, ನಗದು ಅಥವಾ ಬ್ಯಾಂಕ್ ವರ್ಗಾವಣೆಗೆ ತಯಾರಿರಿ. ಒಪ್ಪಿದ ಮೇಲೆ ಮೀನಿನ ಫೋಟೊ, ವೀಡಿಯೊ, ತಳಿ, ವಯಸ್ಸು, ಉದ್ದ, ಲಿಂಗ ಎಲ್ಲವೂ ಇರುವ ಚೀಟಿ ಪಡೆಯಿರಿ. ಆರು ತಿಂಗಳ ನಂತರ ಚೀಲದಲ್ಲಿ ಬಂದ ಮೀನು ಅದೇನಾ ಎಂದು ನಿಮಗೇ ಅನುಮಾನ ಬರುತ್ತದೆ, ಅಷ್ಟು ಬದಲಾಗಿರುತ್ತದೆ.

ಅಲ್ಲೇ ಬಿಡುವುದೋ, ತರುವುದೋ

ಕೊಂಡ ಮೀನನ್ನು ಬ್ರೀಡರ್ ಬಳಿಯೇ ಒಂದೆರಡು ವರ್ಷ ಬೆಳೆಯಲು ಬಿಡುವ ಪದ್ಧತಿಗೆ ಅಜುಕಾರಿ ಎನ್ನುತ್ತಾರೆ. ವರ್ಷಕ್ಕಿಷ್ಟು ಎಂದು ಶುಲ್ಕವಿರುತ್ತದೆ. ಮೀನು ಮತ್ತೆ ಮಣ್ಣಿನ ಕೊಳಕ್ಕೆ ಹೋಗುತ್ತದೆ, ಶರತ್ಕಾಲದಲ್ಲಿ ನಿಮಗೆ ಫೋಟೊ ಬರುತ್ತದೆ. ಆ ಕೊಳಗಳಲ್ಲಿ ಒಂದು ಬೇಸಿಗೆಯಲ್ಲಿ ಕಟ್ಟುವ ಮೈ ನಮ್ಮ ಸಿಮೆಂಟ್ ತೊಟ್ಟಿಯಲ್ಲಿ ಮೂರು ವರ್ಷಕ್ಕೂ ಕಟ್ಟುವುದಿಲ್ಲ. ಆದರೆ ಸತ್ತರೆ ಯಾರ ಹೊಣೆ ಎಂಬುದು ಮನೆಯಿಂದ ಮನೆಗೆ ಬೇರೆ. ಹೆಚ್ಚಿನ ಕಡೆ ನಿಮ್ಮದೇ. ಬರೆಸಿಕೊಂಡೇ ಬಿಡಿ.

ತರುವುದಾದರೆ ಅದು ನಿಮ್ಮ ಸೂಟ್‌ಕೇಸಿನ ವಿಷಯವಲ್ಲ. ಭಾರತಕ್ಕೆ ಜೀವಂತ ಮೀನು ಬರಲು ಕೇಂದ್ರ ಸರ್ಕಾರದ ಆಮದು ಪರವಾನಗಿ, ಜಪಾನಿನ ಕಡೆಯಿಂದ ಆರೋಗ್ಯ ಪ್ರಮಾಣಪತ್ರ, ಇಳಿದ ಮೇಲೆ ಕ್ವಾರಂಟೈನ್ ಬೇಕು. ಪರವಾನಗಿ ಹೊಂದಿದ ಆಮದುದಾರರೊಬ್ಬರನ್ನು ಹೋಗುವ ಮೊದಲೇ ಗೊತ್ತುಮಾಡಿಕೊಳ್ಳಿ. ಮೀನು ಕೊಂಡ ಮೇಲೆ ಆಮದುದಾರರನ್ನು ಹುಡುಕುವುದು ಮಂಟಪಕ್ಕೆ ಬಂದ ಮೇಲೆ ಪುರೋಹಿತರನ್ನು ಹುಡುಕಿದ ಹಾಗೆ. ಕಳಿಸುವ ಮುಂಚೆ ಕೆಲವು ದಿನ ಮೀನಿಗೆ ಆಹಾರ ಕೊಡುವುದಿಲ್ಲ, ಚೀಲದ ನೀರು ಹೊಲಸಾಗದಿರಲಿ ಎಂದು. ಚೀಲದಲ್ಲಿ ಕಾಲುಭಾಗ ನೀರು, ಉಳಿದದ್ದು ಆಮ್ಲಜನಕ. ಎರಡಡಿಯ ಮೀನಿಗೆ ಒಂದು ಪೆಟ್ಟಿಗೆ ಒಂದೇ ಮೀನು, ಆದ್ದರಿಂದ ಸಾಗಣೆ ಖರ್ಚು ಮೀನಿನ ಬೆಲೆಯನ್ನು ಮೀರುವುದೂ ಉಂಟು. ಸಿಂಗಾಪುರದಲ್ಲೋ ಅಮೆರಿಕದಲ್ಲೋ ಇರುವ ನಮ್ಮವರಿಗೆ ಅಲ್ಲಲ್ಲಿಯ ನಿಯಮ ಬೇರೆ, ಕ್ರಮ ಮಾತ್ರ ಇದೇ: ಮೊದಲು ಆಮದುದಾರ, ಆಮೇಲೆ ವಿಮಾನ ಟಿಕೆಟ್.

ಮನೆಗೆ ಬಂದ ಮೀನನ್ನು ನೇರ ಕೊಳಕ್ಕೆ ಬಿಡಬೇಡಿ. ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ಬಕೆಟ್. ನೀರು 23–24 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ, ಹರ್ಪಿಸ್ ವೈರಸ್ ಒಳಗಿದ್ದರೆ ಹೊರಬರುವುದು ಆ ಬಿಸುಪಿನಲ್ಲೇ, ತಣ್ಣೀರಿನಲ್ಲಿ ಅಡಗಿ ಕೂರುತ್ತದೆ. ಜೊತೆಗೆ ನಿಮ್ಮ ಹಳೆಯ ಕೊಳದ ಒಂದು ಸಣ್ಣ ಮೀನನ್ನು ಬಿಡಿ. ಮೂರು ವಾರವಾದರೂ ಎರಡೂ ಚೆನ್ನಾಗಿದ್ದರೆ ಕೊಳ. ಬೇಡವಾದ ಮೀನನ್ನು ಕೆರೆಗೆ ಮಾತ್ರ ಬಿಡಬೇಡಿ. ಗೆಂಡೆ ಕೆರೆಯ ತಳ ಕೆದಕಿ ನೀರನ್ನೇ ಕದಡಿಬಿಡುತ್ತದೆ.

ಅಜ್ಜ ತೋರಿಸಿದ ಆ ಶೋವಾವನ್ನು ನಾನು ಅಲ್ಲೇ ಬಿಟ್ಟುಬಂದೆ. ಕಳೆದ ಅಕ್ಟೋಬರಿನಲ್ಲಿ ಎರಡನೇ ಫೋಟೊ ಬಂತು. 66 ಸೆಂಟಿಮೀಟರ್. ಬಲಭುಜದಲ್ಲಿ ಕಪ್ಪು ಮಸಿಯಷ್ಟು ಗಟ್ಟಿಯಾಗಿದೆ, ಅಜ್ಜ ಬೆರಳಿಟ್ಟ ಎಡಭುಜ ಮಾತ್ರ ಇನ್ನೂ ಬೂದಿ. ಇನ್ನೊಂದು ವರ್ಷ ಇರಲಿ ಎಂದು ಬರೆದಿದ್ದಾರೆ. ಶುಲ್ಕ ಕಳಿಸಿದ್ದೇನೆ.